ಲಸಿಕೆ ಕುಡಿಸಿದರೂ ಕೋಳಿ ಸತ್ತವು, ಇದಕ್ಕಿಂತ ಒಳ್ಳೆಯ ಲಸಿಕೆ ಇಲ್ಲವೇ?

ಪ್ರಶ್ನೆ: ನಾನು ಸೇಡಂ ತಾಲೂಕಿನ ಒಂದು ಹಳ್ಳಿಯವಳು. ಮಹಿಳಾ ಸಂಘದಲ್ಲಿ ಸಾಲ ತೆಗೆದು 50 ಗಿರಿರಾಜ ಮರಿ ತಂದಿದ್ದೆ. ಮನೆಯಲ್ಲಿ ಮೊದಲೇ 12 ಜವಾರಿ ಕೋಳಿ ಇದ್ದವು. ಮರಿಗಳಿಗೆ ಒಂದು ತಿಂಗಳಾದಾಗ, ಏಪ್ರಿಲ್‌ನಲ್ಲಿ, ಕಲಬುರಗಿಯಿಂದ ಲಸೋಟಾ ಲಸಿಕೆ ತರಿಸಿದೆ. ಪರಿಚಯದವರು ಬಸ್ಸಿನಲ್ಲಿ ತಂದುಕೊಟ್ಟರು. ಮಧ್ಯಾಹ್ನ ನಳದ ನೀರಿಗೆ ಕಲಸಿ ಎಲ್ಲ ಕೋಳಿಗೂ ಕುಡಿಸಿದೆ. ಆದರೂ ಮೇ ತಿಂಗಳಲ್ಲಿ ಆರು ದಿನದೊಳಗೆ 51 ಸತ್ತವು. ಹಸಿರು ಹಿಕ್ಕೆ ಹಾಕುತ್ತಿದ್ದವು, ಬಾಯಿ ತೆರೆದು ಉಸಿರಾಡುತ್ತಿದ್ದವು, ಕೆಲವಕ್ಕೆ ಕುತ್ತಿಗೆ ತಿರುಚಿತ್ತು. ಲಸಿಕೆ ಡುಪ್ಲಿಕೇಟ್ ಇತ್ತೇ? ವಿಜ್ಞಾನಿಗಳು ಇದಕ್ಕಿಂತ ಒಳ್ಳೆಯ ಲಸಿಕೆ ಮಾಡುತ್ತಿಲ್ಲವೇ? ಉಳಿದ 11 ಕೋಳಿಗಳನ್ನು ಏನು ಮಾಡಲಿ? ಮತ್ತೆ ಮರಿ ತರಬಹುದೇ?

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಾಲದ ಕಂತು ಬಾಕಿ ಇರುವಾಗಲೇ ಐವತ್ತೊಂದು ಕೋಳಿ ಕಣ್ಣೆದುರು ಹೋಗುವುದು ಸಣ್ಣ ಪೆಟ್ಟಲ್ಲ. ಮೊದಲು ನಿಮ್ಮ ಅನುಮಾನಕ್ಕೆ ಬರುತ್ತೇನೆ. ಲಸಿಕೆ ಡುಪ್ಲಿಕೇಟ್ ಆಗಿತ್ತು ಅಂತ ನನಗೆ ಅನಿಸುವುದಿಲ್ಲ. ಅಂಗಡಿ ಬಿಡುವಾಗ ಅದು ಚೆನ್ನಾಗಿಯೇ ಇದ್ದು, ನಿಮ್ಮ ಮನೆ ಮುಟ್ಟುವ ಹೊತ್ತಿಗೆ ಸತ್ತುಹೋಗಿರುವ ಸಾಧ್ಯತೆ ಜಾಸ್ತಿ.

ಸತ್ತುಹೋಗಿರುವ ಅಂದದ್ದು ಸುಮ್ನೆ ಅಲ್ಲ. ಲಸೋಟಾ ಅಂದರೆ ರಾಣಿಖೇತ್ ರೋಗ ಬರದಂತೆ ಹಾಕುವ ಲಸಿಕೆ, ಮಾತ್ರೆ, ಟಾನಿಕ್ ತರಹದ್ದಲ್ಲ. ಅದು ಜೀವಂತ ವೈರಸ್. ರೋಗ ತರದಷ್ಟು ಸೌಮ್ಯವಾದ ವೈರಸ್ಸನ್ನು ಕೋಳಿಯ ಮೈಗೆ ಬಿಡುತ್ತೇವೆ. ಅದು ಗಂಟಲಲ್ಲಿ, ಶ್ವಾಸನಾಳದಲ್ಲಿ, ಕರುಳಲ್ಲಿ ಬೆಳೆಯಬೇಕು. ಬೆಳೆದರೆ ಮಾತ್ರ ಕೋಳಿಯ ಮೈ ಅದನ್ನು ಗುರುತಿಸಿ ಕಾದಾಡುವುದನ್ನು ಕಲಿಯುತ್ತದೆ. ಸೀಸೆಯೊಳಗಿನ ಆ ಬಿಳಿ ಬಿಲ್ಲೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಏಪ್ರಿಲ್‌ನಲ್ಲಿ ನಮ್ಮ ಕಡೆ ಬಿಸಿಲು 40 ದಾಟಿರುತ್ತದೆ. ಬಸ್ಸಿನ ಕಿಟಕಿ ಪಕ್ಕ, ಪ್ಲಾಸ್ಟಿಕ್ ಚೀಲದಲ್ಲಿ, ಐಸ್ ಇಲ್ಲದೆ ಎರಡು ತಾಸು ಬಂದರೆ ಏನಾಗಬೇಕೋ ಅದೇ ಆಗಿರುತ್ತದೆ. ಆಮೇಲೆ ನಳದ ನೀರು. ಅದರಲ್ಲಿ ಕ್ಲೋರಿನ್ ಇರುತ್ತದೆ. ನೀರಿನ ಹುಳ ಕೊಲ್ಲಲು ಹಾಕುವ ಕ್ಲೋರಿನ್ ಲಸಿಕೆಯನ್ನು ಬಿಡುತ್ತದೆಯೇ? ಮಧ್ಯಾಹ್ನ ಬೇರೆ. ಕಲಸಿದ ಲಸಿಕೆಯನ್ನು ಒಂದೆರಡು ತಾಸಿನಲ್ಲಿ ಮುಗಿಸಬೇಕು. ಬಿಸಿಲಲ್ಲಿ ಅಷ್ಟು ಹೊತ್ತೂ ತಡೆಯುವುದಿಲ್ಲ.

ಇದು ನಿಮ್ಮ ತಪ್ಪು ಅಂತ ನಾನು ಹೇಳುತ್ತಿಲ್ಲ. ಯಾರೂ ನಿಮಗೆ ಇದನ್ನು ಕೂರಿಸಿ ಹೇಳಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇದೇ ತಪ್ಪು ಮಾಡಿದ್ದೇನೆ. ಚಿಂಚೋಳಿ ಕಡೆಯ ಒಂದು ತಾಂಡಾಕ್ಕೆ ಬೈಕಿನಲ್ಲಿ ಲಸಿಕೆ ಒಯ್ದಿದ್ದೆ. ಥರ್ಮಾಸಿನಲ್ಲಿ ಐಸ್ ಹಾಕಿದ್ದೆ. ಆದರೆ ದಾರಿಯಲ್ಲಿ ಇನ್ನೆರಡು ಊರಲ್ಲಿ ನಿಂತೆ. ತಾಂಡಾ ಮುಟ್ಟಿದಾಗ ಐಸ್ ಪೂರ್ತಿ ಕರಗಿ ನೀರು ಬೆಚ್ಚಗಾಗಿತ್ತು. ಇಷ್ಟು ದೂರ ಬಂದಿದ್ದೇನೆ, ಜನ ಕಾಯುತ್ತಿದ್ದಾರೆ ಅಂತ ಹಾಕಿಯೇ ಬಂದೆ. ಮೂರು ವಾರ ಬಿಟ್ಟು ಹತ್ತು ಕೋಳಿಗಳ ರಕ್ತ ತಂದು ಪರೀಕ್ಷೆ ಮಾಡಿದೆ.

ಆ ಪರೀಕ್ಷೆಯನ್ನು ನಿಮಗೆ ಸ್ವಲ್ಪ ಬಿಡಿಸಿ ಹೇಳಬೇಕು. ಇಡ್ಲಿ ತಟ್ಟೆಯ ಹಾಗೆ ಗುಳಿಗಳಿರುವ ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ಒಟ್ಟು 96 ಪುಟ್ಟ ಗುಳಿ. ಕೋಳಿಯ ರಕ್ತದಿಂದ ತೆಗೆದ ತಿಳಿಯನ್ನು ಮೊದಲ ಗುಳಿಗೆ ಹಾಕಿ, ಮುಂದಿನ ಗುಳಿಯಲ್ಲಿ ಅರ್ಧ, ಅದರ ಮುಂದೆ ಅದರ ಅರ್ಧ, ಹೀಗೆ ತೆಳು ಮಾಡುತ್ತಾ ಹೋಗುತ್ತೇವೆ. ಪ್ರತಿ ಗುಳಿಗೂ ಅಳತೆ ಮಾಡಿದ ವೈರಸ್ ಸೇರಿಸುತ್ತೇವೆ. ಕೊನೆಗೆ ಕೋಳಿಯ ಕೆಂಪು ರಕ್ತಕಣಗಳನ್ನು ಬಿಟ್ಟು ಮುಕ್ಕಾಲು ತಾಸು ಕಾಯುತ್ತೇವೆ. ಈ ವೈರಸ್ಸಿಗೆ ರಕ್ತಕಣಗಳನ್ನು ಹಿಡಿದು ಒಂದಕ್ಕೊಂದು ಅಂಟಿಸುವ ಗುಣ ಇದೆ. ಕೋಳಿಯಲ್ಲಿ ರೋಗದ ವಿರುದ್ಧ ಪ್ರತಿಕಾಯ ಇಲ್ಲದಿದ್ದರೆ ಕಣಗಳು ಅಂಟಿಕೊಂಡು ಗುಳಿಯ ತಳದ ತುಂಬಾ ತೆಳ್ಳನೆಯ ಗುಲಾಬಿ ಪೊರೆಯ ಹಾಗೆ ಹರಡಿಕೊಳ್ಳುತ್ತವೆ. ಪ್ರತಿಕಾಯ ಇದ್ದರೆ ಅದು ವೈರಸ್ಸಿನ ಕೈ ಕಟ್ಟಿಹಾಕುತ್ತದೆ. ಆಗ ಕಣಗಳು ಜಾರಿ ತಳದ ನಡುವೆ ಅಂಗಿಯ ಗುಂಡಿಯ ಹಾಗೆ ಕೆಂಪಗೆ ಕೂರುತ್ತವೆ. ತಟ್ಟೆಯನ್ನು ಓರೆ ಮಾಡಿದರೆ ಆ ಗುಂಡಿ ಕಣ್ಣೀರಿನ ಹನಿಯ ಹಾಗೆ ಇಳಿಯುತ್ತದೆ. ಎಷ್ಟು ತೆಳು ಮಾಡಿದರೂ ಗುಂಡಿ ಕಟ್ಟಿದರೆ ಆ ಕೋಳಿಗೆ ಅಷ್ಟು ಬಲ ಇದೆ ಅಂತ ಲೆಕ್ಕ. ನನ್ನ ತಾಂಡಾದ ತಟ್ಟೆಯಲ್ಲಿ ಒಂದೇ ಒಂದು ಗುಂಡಿ ಇರಲಿಲ್ಲ. ಹತ್ತೂ ಕೋಳಿಗೆ ಬರೀ ಗುಲಾಬಿ ಪೊರೆ. ಆ ತಟ್ಟೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ಈಗ ರೋಗದ ವಿಷಯ. ನೀವು ಹೇಳಿದ ಲಕ್ಷಣಗಳೆಲ್ಲ ರಾಣಿಖೇತ್ ರೋಗದವು. ಕೊಕ್ಕರೆ ರೋಗ ಅಂತಲೂ ಕರೆಯುತ್ತಾರೆ. 1926ರಲ್ಲಿ ಇಂಡೋನೇಷ್ಯಾದ ಜಾವಾದಲ್ಲಿ, ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಇದು ಮೊದಲು ದಾಖಲಾಯಿತು. ನಮ್ಮ ದೇಶದಲ್ಲಿ ಕುಮಾಊಂ ಬೆಟ್ಟದ ರಾಣಿಖೇತ್‌ನಲ್ಲಿ ಗುರುತಿಸಿದ್ದರಿಂದ ನಮಗೆ ಆ ಹೆಸರೇ ಉಳಿಯಿತು. ಆದರೆ ಒಂದು ಮಾತು. ಹಕ್ಕಿಜ್ವರದಲ್ಲೂ ಕೋಳಿಗಳು ಹೀಗೇ ಸಾಲಾಗಿ ಸಾಯುತ್ತವೆ. ಕಣ್ಣಿಂದ ನೋಡಿ ಎರಡನ್ನೂ ಬೇರೆ ಮಾಡಲು ನನಗೂ ಆಗುವುದಿಲ್ಲ. ಹಾಗಾಗಿ ಇಷ್ಟು ಬೇಗ ಇಷ್ಟು ಕೋಳಿ ಸತ್ತರೆ ಅವತ್ತೇ ಪಶು ಆಸ್ಪತ್ರೆಗೆ ತಿಳಿಸಬೇಕು. ಸತ್ತ ಕೋಳಿಯ ಮಾದರಿ ಲ್ಯಾಬಿಗೆ ಹೋಗಬೇಕು. ನೀವು ತಿಳಿಸಿಲ್ಲವಾದರೆ ಈಗಲಾದರೂ ತಿಳಿಸಿ.

ವಿಜ್ಞಾನಿಗಳು ಒಳ್ಳೆಯ ಲಸಿಕೆ ಮಾಡುತ್ತಿಲ್ಲವೇ ಅಂತ ಕೇಳಿದ್ದೀರಿ. ಮಾಡುತ್ತಿದ್ದಾರೆ. ಯಾಕೆ ಬೇಕಾಗಿದೆ ಅಂತ ಹೇಳಲು ಲಸೋಟಾದ ವಯಸ್ಸಿನಿಂದ ಶುರು ಮಾಡಬೇಕು. ಅದು 1946ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಸಿಕ್ಕ ವೈರಸ್. ಯಾರ ಫಾರಂನಲ್ಲಿ ಸಿಕ್ಕಿತೋ ಅವರ ಮನೆತನದ ಹೆಸರೇ ಲಸೋಟಾ. ನಮ್ಮಲ್ಲಿ ದೊಡ್ಡ ಕೋಳಿಗೆ ಸೂಜಿಯಲ್ಲಿ ಕೊಡುವ ಆರ್‌2ಬಿ ಲಸಿಕೆಯೂ 1940ರ ದಶಕದ್ದೇ. ಅದು ಮುಕ್ತೇಶ್ವರದಲ್ಲಿ ತಯಾರಾಯಿತು. ಎಂಬತ್ತು ವರ್ಷದ ಈ ಎರಡು ಲಸಿಕೆಗಳು ಲೆಕ್ಕವಿಲ್ಲದಷ್ಟು ಕೋಳಿಗಳ ಜೀವ ಉಳಿಸಿವೆ. ಅವುಗಳ ಬಗ್ಗೆ ನನಗೆ ಗೌರವ ಇದೆ.

ಅಷ್ಟರಲ್ಲಿ ರೋಗದ ವೈರಸ್ ಸುಮ್ಮನೆ ಕೂತಿಲ್ಲ. ಅದು ಆರ್‌ಎನ್‌ಎ ವೈರಸ್. ನಕಲು ಮಾಡಿಕೊಳ್ಳುವಾಗ ತಪ್ಪುತ್ತಾ, ಬದಲಾಗುತ್ತಾ ಹೋಗುತ್ತದೆ. ಲಸೋಟಾ ಎರಡನೇ ಜೀನೋಟೈಪಿಗೆ, ಅಂದರೆ ಜೀನ್ ನೋಡಿ ವಿಂಗಡಿಸಿದ ಎರಡನೇ ಗುಂಪಿಗೆ ಸೇರಿದ್ದು. ಇವತ್ತು ಏಷ್ಯಾದಲ್ಲಿ ಓಡಾಡುವುದು ಏಳನೆಯದು, ನಮ್ಮ ದೇಶದಲ್ಲಿ ಹದಿಮೂರನೆಯದೂ ಸಿಕ್ಕಿದೆ. ಹಾಗಂತ ಲಸೋಟಾ ಕೆಲಸ ಮಾಡುವುದಿಲ್ಲ ಅಂತ ಅಂಗಡಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಸರಿಯಾಗಿ ಮೈಗೆ ಹತ್ತಿದ ಲಸೋಟಾ ಈ ಹೊಸ ತಳಿಗಳಿಂದಲೂ ಕೋಳಿಯನ್ನು ಸಾಯದಂತೆ ಕಾಯುತ್ತದೆ. ತೊಂದರೆ ಬೇರೆ ಕಡೆ ಇದೆ. ಕೋಳಿ ಬದುಕುತ್ತದೆ, ಆದರೆ ಸೋಂಕು ತಗಲಿದರೆ ಅದರ ಹಿಕ್ಕೆಯಲ್ಲಿ, ಉಸಿರಿನಲ್ಲಿ ವೈರಸ್ ಹೊರಗೆ ಹೋಗುತ್ತಲೇ ಇರುತ್ತದೆ. ಪಕ್ಕದ ಮನೆಯ ಲಸಿಕೆ ಹಾಕದ ಕೋಳಿಗೆ ಅದೇ ಸಾವು. ಓಡಾಡುವ ತಳಿಗೆ ಹೊಂದುವ ಲಸಿಕೆ ಕೊಟ್ಟರೆ ಹೀಗೆ ಹೊರಬೀಳುವ ವೈರಸ್ ಕಡಿಮೆಯಾಗುತ್ತದೆ ಅಂತ ಹಲವು ಪ್ರಯೋಗಗಳಲ್ಲಿ ಕಂಡಿದೆ.

ಹೊಂದುವ ಲಸಿಕೆ ಮಾಡುವುದು ಹೇಗೆ? ಈಗಿನ ಮಾರಕ ತಳಿಯನ್ನೇ ಹಾಗೇ ಕೊಡಲು ಆಗುವುದಿಲ್ಲವಲ್ಲ. ಇಲ್ಲಿ ಒಂದು ಸೊಗಸಾದ ವಿಷಯ ಇದೆ. ಈ ವೈರಸ್ಸಿನ ಮೈಮೇಲೆ ಎಫ್ ಎಂಬ ಒಂದು ಪ್ರೋಟೀನ್ ಇರುತ್ತದೆ. ಅದನ್ನು ಒಂದು ಜಾಗದಲ್ಲಿ ಕತ್ತರಿಸಿದರೆ ಮಾತ್ರ ವೈರಸ್ ಮುಂದಿನ ಜೀವಕೋಶದ ಒಳಗೆ ಹೋಗಬಲ್ಲದು. ಕತ್ತರಿಸುವ ಕೆಲಸ ಮಾಡುವುದು ಕೋಳಿಯ ಮೈಯ ಕಿಣ್ವಗಳೇ. ಸೌಮ್ಯ ತಳಿಯ ಎಫ್ ಅನ್ನು ಕತ್ತರಿಸುವ ಕಿಣ್ವ ಇರುವುದು ಶ್ವಾಸನಾಳ ಮತ್ತು ಕರುಳಿನಲ್ಲಿ ಮಾತ್ರ. ಅದಕ್ಕೇ ಅದು ಅಲ್ಲೇ ಉಳಿಯುತ್ತದೆ. ಮಾರಕ ತಳಿಯಲ್ಲಿ ಆ ಜಾಗದ ರಚನೆ ಸ್ವಲ್ಪ ಬೇರೆ. ಮೈಯೆಲ್ಲಾ ಇರುವ ಕಿಣ್ವಗಳು ಅದನ್ನು ಕತ್ತರಿಸಿಬಿಡುತ್ತವೆ. ವೈರಸ್ ಮಿದುಳಿಗೂ ಹೋಗುತ್ತದೆ. ನಿಮ್ಮ ಕೋಳಿಗಳ ಕುತ್ತಿಗೆ ತಿರುಚಿದ್ದು ಅದರಿಂದಲೇ. ವೈರಸ್ಸಿನ ಜೀನ್ ಬರಹದಲ್ಲಿ ಕೆಲವೇ ಅಕ್ಷರಗಳ ವ್ಯತ್ಯಾಸ ಅಷ್ಟೇ. ಈ ವೈರಸ್ಸಿನ ಪೂರ್ತಿ ಬರಹ ಸುಮಾರು 15,000 ಅಕ್ಷರ ಉದ್ದ.

1999ರಲ್ಲಿ ವಿಜ್ಞಾನಿಗಳು ಈ ವೈರಸ್ಸನ್ನು ಲ್ಯಾಬಿನಲ್ಲಿ ಅದರ ಜೀನ್ ಪ್ರತಿಯಿಂದಲೇ ಮರಳಿ ಕಟ್ಟುವುದನ್ನು ಕಲಿತರು. ಅಲ್ಲಿಂದ ದಾರಿ ತೆರೆಯಿತು. ಈಗ ಓಡಾಡುವ ತಳಿಯ ಜೀನ್ ತೆಗೆದುಕೊಂಡು, ಕತ್ತರಿಸುವ ಜಾಗದ ಆ ಕೆಲವು ಅಕ್ಷರಗಳನ್ನು ಮಾತ್ರ ಸೌಮ್ಯ ತಳಿಯ ಹಾಗೆ ಬದಲಿಸುತ್ತಾರೆ. ಮುಖ ಅದೇ, ಹಲ್ಲು ಇಲ್ಲ. ಕೋಳಿಯ ಮೈ ಇಂದಿನ ಶತ್ರುವಿನ ಮುಖವನ್ನೇ ನೋಡಿ ಕಲಿಯುತ್ತದೆ. ಬೇರೆ ಕೆಲವು ದೇಶಗಳಲ್ಲಿ ಇಂಥ ಲಸಿಕೆ ಈಗಾಗಲೇ ಬಳಕೆಯಲ್ಲಿದೆ.

ಹೊರಬೀಳುವ ವೈರಸ್ ಬಗ್ಗೆ ನಾನು ಇಷ್ಟು ಒತ್ತಿ ಹೇಳಲು ಕಾರಣ ಮಾರೆಕ್ಸ್ ರೋಗ. ಇದು ಕೋಳಿಗಳಲ್ಲಿ ಗಡ್ಡೆ ತರುವ, ಕಾಲು ಸೋಲಿಸುವ ವೈರಸ್. ಟರ್ಕಿ ಕೋಳಿಯ ಹರ್ಪಿಸ್ ವೈರಸ್ಸಿನಿಂದ ಮಾಡಿದ ಇದರ ಲಸಿಕೆ 1970ರ ಹೊತ್ತಿಗೆ ಬಂತು. ಅದು ಕೋಳಿಯನ್ನು ಉಳಿಸುತ್ತದೆ, ಆದರೆ ಹರಡುವುದನ್ನು ತಡೆಯುವುದಿಲ್ಲ. 2015ರಲ್ಲಿ ಆಂಡ್ರ್ಯೂ ರೀಡ್ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಲಸಿಕೆ ಇಲ್ಲದ ಕೋಳಿ ತೀರಾ ಮಾರಕ ತಳಿ ತಗಲಿದರೆ ಬೇಗ ಸಾಯುತ್ತದೆ, ವೈರಸ್ಸೂ ಅದರ ಜೊತೆಗೇ ಮುಗಿಯುತ್ತದೆ. ಲಸಿಕೆ ಹಾಕಿದ ಕೋಳಿ ಬದುಕಿ ವಾರಗಟ್ಟಲೆ ಅದೇ ಮಾರಕ ತಳಿಯನ್ನು ಹರಡುತ್ತಿತ್ತು. ಇದನ್ನು ಓದಿ ಲಸಿಕೆಯೇ ಕೆಟ್ಟದ್ದು ಅನ್ನುವವರು ಇದ್ದಾರೆ. ಅದು ತಪ್ಪು. ಲಸಿಕೆ ಇಲ್ಲದೆ ಕೋಳಿ ಸಾಕಣೆಯೇ ಇಲ್ಲ. ಸಾವನ್ನೂ ಹರಡುವಿಕೆಯನ್ನೂ ಎರಡನ್ನೂ ತಡೆಯುವ ಲಸಿಕೆ ಬೇಕು, ಅಷ್ಟೇ.

ಅದೇ ಟರ್ಕಿ ವೈರಸ್ಸಿನ ಬೆನ್ನ ಮೇಲೆ ರಾಣಿಖೇತ್‌ನ ಎಫ್ ಜೀನ್ ಕೂರಿಸಿದ ಲಸಿಕೆಗಳೂ ಬಂದಿವೆ. ಹ್ಯಾಚರಿಯಲ್ಲಿ ಒಂದು ದಿನದ ಮರಿಗೆ, ಅಥವಾ 18 ದಿನದ ಮೊಟ್ಟೆಗೇ ಚುಚ್ಚುತ್ತಾರೆ. ಒಂದೇ ಸೂಜಿಗೆ ಎರಡು ರೋಗ. ರಕ್ಷಣೆ ನಿಧಾನವಾಗಿ, ಮೂರು ನಾಲ್ಕು ವಾರಕ್ಕೆ ಬರುತ್ತದೆ, ಬಹಳ ಕಾಲ ಇರುತ್ತದೆ. ಆದರೆ ಇದನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡಬೇಕು. ದೊಡ್ಡ ಹ್ಯಾಚರಿಗೆ ಇದು ಸರಿ. ನಿಮ್ಮ ಅಂಗಳಕ್ಕೆ ಇದು ಬರುವುದಿಲ್ಲ. ಮರಿ ಕೊಳ್ಳುವಾಗ ಯಾವ ಲಸಿಕೆ ಹಾಕಿ ಕೊಡುತ್ತೀರಿ ಅಂತ ಹ್ಯಾಚರಿಯವರನ್ನು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ನನ್ನ ಮನಸ್ಸಿನ ಮಾತು ಹೇಳುತ್ತೇನೆ. ಕಲಬುರಗಿ, ಬೀದರ್, ಯಾದಗಿರಿಯ ಹಳ್ಳಿಗಳಿಗೆ ಒಳ್ಳೆಯ ಲಸಿಕೆ ಅಂದರೆ ಮೊದಲು ಬಿಸಿಲು ತಾಳುವ ಲಸಿಕೆ. ತಳಿ ಎಷ್ಟೇ ಹೊಂದಿದರೂ ಶಹಾಪುರದಿಂದ ಹಳ್ಳಿಗೆ ಹೋಗುವ ಟಂಟಂನಲ್ಲಿ ಅದು ಸತ್ತರೆ ಏನು ಪ್ರಯೋಜನ? ಆಸ್ಟ್ರೇಲಿಯಾದ ವಿಜ್ಞಾನಿಗಳು ಇದನ್ನು ಬೇಗ ಕಂಡುಕೊಂಡರು. ರೋಗ ತರದ ತಳಿಗಳನ್ನು ಒಟ್ಟುಮಾಡಿ, ಕಾಯಿಸಿ ನೋಡಿ, ಬಿಸಿ ತಾಳಿದ್ದನ್ನು ಆರಿಸಿದರು. ವಿ4, ಐ-2 ಅಂತ ಅವುಗಳ ಹೆಸರು. ಐ-2ರ ಮೂಲ ಬೀಜವನ್ನು ಬಡ ದೇಶಗಳಿಗೆ ದುಡ್ಡಿಲ್ಲದೆ ಕೊಟ್ಟರು. ಮೊಜಾಂಬಿಕ್, ತಾಂಜಾನಿಯಾದ ಹಳ್ಳಿಗಳಲ್ಲಿ ಹೆಂಗಸರೇ ಮನೆಮನೆಗೆ ಹೋಗಿ ಕೋಳಿಯ ಕಣ್ಣಿಗೆ ಒಂದೊಂದು ಹನಿ ಬಿಡುತ್ತಾರೆ. ನಾಲ್ಕು ತಿಂಗಳಿಗೊಮ್ಮೆ. ಚೆನ್ನಾಗಿ ಒಣಗಿಸಿ ಮಾಡಿದ ಐ-2 ಫ್ರಿಜ್ ಹೊರಗೂ ಕೆಲವು ವಾರ ತಾಳುತ್ತದೆ. ನಮ್ಮ ಪಕ್ಕದ ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾಲಯ ಡಿ58 ಎಂಬ ಬಿಸಿ ತಾಳುವ ತಳಿಯಿಂದ ಕೋಳಿಗೆ ತಿನ್ನಿಸುವ ಗುಳಿಗೆಯನ್ನೇ ಮಾಡಿದೆ. ಬಿಸಿ ತಾಳುವ ಗುಣ ವೈರಸ್ಸಿನ ಎಚ್‌ಎನ್ ಎಂಬ ಇನ್ನೊಂದು ಪ್ರೋಟೀನಿನಲ್ಲಿದೆ ಅಂತಲೂ ಗೊತ್ತಾಗಿದೆ. ಅಂಥ ಎಚ್‌ಎನ್ ಜೀನನ್ನು ಲಸೋಟಾಗೆ ಜೋಡಿಸಿದರೆ ಲಸೋಟಾವೂ ಬಿಸಿ ತಾಳುತ್ತದೆ. ಹೊಂದುವ ಎಫ್, ಬಿಸಿ ತಾಳುವ ಎಚ್‌ಎನ್, ಎರಡೂ ಒಂದೇ ವೈರಸ್ಸಿನಲ್ಲಿ. ನಮಗೆ ಬೇಕಾದ್ದು ಅದು. ಬೀದರ್‌ನಲ್ಲೇ ನಮ್ಮ ಪಶುವೈದ್ಯ ವಿಶ್ವವಿದ್ಯಾಲಯ ಇದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಲಸಿಕೆ ತಯಾರಿಸುವ ಸರ್ಕಾರಿ ಸಂಸ್ಥೆ ಇದೆ. ಈ ಬಿಸಿಲಿನಲ್ಲೇ ನಿಂತು, ಈ ಬಿಸಿಲಿಗೆ ಬೇಕಾದ ಲಸಿಕೆ ಪರೀಕ್ಷಿಸಲು ಇದಕ್ಕಿಂತ ಸರಿಯಾದ ಜಾಗ ಇಲ್ಲ ಅಂತ ನನ್ನ ಗಟ್ಟಿ ನಂಬಿಕೆ.

ಇನ್ನೊಂದು ತೊಡಕು ಸೀಸೆಯ ಅಳತೆ. ನೂರು ಡೋಸು, ಐನೂರು ಡೋಸು, ಸಾವಿರ ಡೋಸು. ಹತ್ತು ಕೋಳಿ ಇರುವ ಮನೆಯವರು ಏನು ಮಾಡಬೇಕು? ಒಮ್ಮೆ ಕಲಸಿದರೆ ಉಳಿದದ್ದು ನಾಳೆಗೆ ಬರುವುದಿಲ್ಲ. ಸಣ್ಣ ಸೀಸೆ ಮಾಡಿದರೆ ಕಂಪನಿಗೆ ಲಾಭ ಕಡಿಮೆ. ಅದಕ್ಕೇ ಯಾರೂ ಮುಂದೆ ಬರುವುದಿಲ್ಲ. ಸದ್ಯಕ್ಕೆ ದಾರಿ ಒಂದೇ. ನಿಮ್ಮ ಸಂಘದ ಹೆಂಗಸರೆಲ್ಲ ಒಂದೇ ದಿನ ಗೊತ್ತು ಮಾಡಿಕೊಂಡು ಓಣಿಯ ಎಲ್ಲ ಕೋಳಿಗೂ ಹಾಕಿಸಿ. ನಿಮ್ಮೂರಿನಲ್ಲಿ ಪಶು ಸಖಿ (ಜಾನುವಾರು ಆರೈಕೆಗೆ ತರಬೇತಿ ಪಡೆದ ಹಳ್ಳಿಯ ಹೆಣ್ಣುಮಗಳು) ಇದ್ದರೆ ಅವರನ್ನು ಕರೆಯಿರಿ.

ಮತ್ತೆ ಮರಿ ತರಬಹುದೇ ಅಂತ ಕೇಳಿದ್ದೀರಿ. ತರಬಹುದು, ಈಗಲೇ ಬೇಡ. ಉಳಿದ 11 ಕೋಳಿಗಳಿಗೆ ಈಗ ಲಸಿಕೆ ಬೇಕಿಲ್ಲ. ರೋಗ ತಗಲಿ ಗೆದ್ದಿದ್ದರೆ ಅವುಗಳಲ್ಲಿ ಬೇಕಾದಷ್ಟು ಪ್ರತಿಕಾಯ ಇರುತ್ತದೆ. ಆದರೆ ಇನ್ನೂ ಕೆಲವು ವಾರ ವೈರಸ್ ಬಿಡುತ್ತಿರಬಹುದು. ಅವನ್ನು ಸಂತೆಗೆ ಒಯ್ದು ಮಾರಬೇಡಿ, ನೆಂಟರಿಗೂ ಕೊಡಬೇಡಿ. ಜಾತ್ರೆ, ಉರುಸಿನ ಮುಂಚೆ ರೋಗದ ಕೋಳಿ ಸಂತೆಗೆ ಬರುವುದೇ ಊರಿಂದೂರಿಗೆ ರೋಗ ದಾಟುವ ದೊಡ್ಡ ದಾರಿ. ಗೂಡಿನ ಹಿಕ್ಕೆ, ಹೊಟ್ಟು ಎಲ್ಲ ಕೆರೆದು ಸುಣ್ಣ ಹಾಕಿ ಹೂಳಿ. ನೆಲ, ಗೋಡೆಗೆ ಸುಣ್ಣ ಬಳಿಯಿರಿ. ಬುಟ್ಟಿ, ನೀರಿನ ಪಾತ್ರೆ ತೊಳೆದು ಬಿಸಿಲಿಗೆ ಹಾಕಿ. ನಿಮ್ಮ ಲಸಿಕೆಯನ್ನು ಕೊಂದ ಅದೇ ಬಿಸಿಲು ಇಲ್ಲಿ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಒಂದು ತಿಂಗಳು ಗೂಡು ಖಾಲಿ ಇರಲಿ.

ಹೊಸ ಮರಿ ಬಂದ ಮೇಲೆ 5ರಿಂದ 7ನೇ ದಿನಕ್ಕೆ ಎಫ್ ತಳಿಯ ಲಸಿಕೆ (ಮೇಲೆ ಹೇಳಿದ ಎಫ್ ಪ್ರೋಟೀನ್ ಬೇರೆ, ಇದು ಲಸಿಕೆಯ ತಳಿಯ ಹೆಸರು) ಅಥವಾ ಲಸೋಟಾ ಒಂದು ಹನಿ ಕಣ್ಣಿಗೆ. ನೀರಿನಲ್ಲಿ ಬೇಡ. ಕಣ್ಣಿಗೆ ಬಿಟ್ಟರೆ ಪ್ರತಿ ಮರಿಗೂ ಡೋಸ್ ಸೇರಿದ್ದು ನಿಮ್ಮ ಕಣ್ಣಿಗೇ ಕಾಣುತ್ತದೆ. ಮರಿಯನ್ನು ಓರೆಯಾಗಿ ಹಿಡಿದು, ಡ್ರಾಪರ್ ತಾಗಿಸದೆ ಮೇಲಿಂದ ಹನಿ ಬಿಡಿ. ಮರಿ ಒಮ್ಮೆ ರೆಪ್ಪೆ ಬಡಿದು ಹನಿ ಒಳಗೆ ಎಳೆದುಕೊಳ್ಳುವ ತನಕ ಕೈ ಬಿಡಬೇಡಿ. 14ನೇ ದಿನದ ಸುಮಾರಿಗೆ ಗಂಬೊರೊ ಲಸಿಕೆ. ಇದನ್ನು ಬಿಡಬೇಡಿ. ಗಂಬೊರೊ ವೈರಸ್ ಮರಿಯ ಬಾಲದ ಬುಡದಲ್ಲಿರುವ ಬರ್ಸಾ ಎಂಬ ಪುಟ್ಟ ಚೀಲವನ್ನು ಹಾಳು ಮಾಡುತ್ತದೆ. ಪ್ರತಿಕಾಯ ಮಾಡುವ ಕಣಗಳು ತಯಾರಾಗುವುದೇ ಅಲ್ಲಿ. ಅದು ಹಾಳಾದರೆ ಆಮೇಲೆ ಹಾಕುವ ಯಾವ ಲಸಿಕೆಯೂ ಸರಿಯಾಗಿ ಹತ್ತುವುದಿಲ್ಲ. 28ನೇ ದಿನಕ್ಕೆ ಮತ್ತೆ ಲಸೋಟಾ. ಎಂಟು ವಾರಕ್ಕೆ ಆರ್‌2ಬಿ ಸೂಜಿ, ಅದನ್ನು ಪಶುವೈದ್ಯರ ಕೈಯಲ್ಲೇ ಹಾಕಿಸಿ. ಸಣ್ಣ ಮರಿಗಳು ಅದನ್ನು ತಾಳುವುದಿಲ್ಲ. ಲಸಿಕೆ ತರಲು ಥರ್ಮಾಕೋಲ್ ಡಬ್ಬಿ ಒಯ್ಯಿರಿ, ಐಸ್ ತುಂಬಿಸಿ. ಬೆಳಗಿನ ತಂಪಿನಲ್ಲೇ ಮುಗಿಸಿ. ಸೀಸೆಯ ಜೊತೆ ಕೊಟ್ಟ ದ್ರಾವಣದಲ್ಲೇ ಕಲಸಿ. ಹಾಕಿದ ಮೇಲೆ ಕೈ ತೊಳೆಯದೆ ಕಣ್ಣು ಉಜ್ಜಬೇಡಿ, ಈ ವೈರಸ್ ಮನುಷ್ಯರ ಕಣ್ಣನ್ನೂ ಕೆಂಪಾಗಿಸುತ್ತದೆ.

28ನೇ ದಿನದ ಲಸಿಕೆ ಆಗಿ ಮೂರು ವಾರಕ್ಕೆ ಆರೇಳು ಕೋಳಿಗಳ ರಕ್ತ ತೆಗೆಸಿ ಲ್ಯಾಬಿಗೆ ಕಳಿಸಿ. ನಿಮ್ಮ ಪಶು ಆಸ್ಪತ್ರೆಯ ಡಾಕ್ಟರನ್ನು ಈಗಲೇ ಕೇಳಿಟ್ಟುಕೊಳ್ಳಿ. ರೆಕ್ಕೆಯ ಒಳಗಿನ ನರದಿಂದ ತೆಗೆಯುತ್ತಾರೆ, ಒಂದೆರಡು ಮಿಲಿ ಸಾಕು. ಸೀಸೆಯ ಮೇಲೆ ಕೋಳಿಯ ಗುರುತು, ಕೊನೆಯ ಲಸಿಕೆ ಹಾಕಿದ ದಿನ, ರಕ್ತ ತೆಗೆದ ದಿನ ಮೂರೂ ಬರೆದಿರಲಿ. ಗುಂಡಿ ಕಟ್ಟಿತೋ ಇಲ್ಲವೋ, ಉತ್ತರ ಬಂದ ಮೇಲೆ ನನಗೆ ಬರೆಯಿರಿ.